ಒಂದೇ ಸೂರು, ಮೂರು ವ್ಯವಸ್ಥೆ: ವೈದ್ಯಕೀಯ ಉಪಕರಣ ಘಟಕ ಕಟ್ಟಲು ಹೊರಟ ಸಣ್ಣ ಉದ್ಯಮಿಗಳಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ನಮ್ಮ ಹಿರಿಯರ ಮಾತು. ಕಚೇರಿ, ಪ್ರಯೋಗಾಲಯ ಮತ್ತು ತಯಾರಿಕಾ ವಿಭಾಗ ಮೂರನ್ನೂ ಒಳಗೊಂಡ ವೈದ್ಯಕೀಯ ಉಪಕರಣಗಳ ಘಟಕವನ್ನು ಕಟ್ಟಲು ಹೊರಟವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಮನವರಿಕೆಯಾಗುತ್ತದೆ. ನಮ್ಮ ಸದಸ್ಯ ಬಾಂಧವರಲ್ಲಿ ಹಲವರು ಇಂದು ಈ ಕ್ಷೇತ್ರದತ್ತ ದೃಷ್ಟಿ ಹರಿಸಿರುವುದರಿಂದ, ಕಟ್ಟಡದ ವಿಷಯವನ್ನೇ ಪ್ರತ್ಯೇಕವಾಗಿ ಚರ್ಚಿಸುವುದು ಸೂಕ್ತವೆನಿಸುತ್ತದೆ.

ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಗಮನಿಸೋಣ. ಕೇಂದ್ರ ಸರ್ಕಾರವು 2017ರಲ್ಲಿ ಹೊರಡಿಸಿದ ವೈದ್ಯಕೀಯ ಉಪಕರಣಗಳ ನಿಯಮಾವಳಿಯು 2018ರ ಜನವರಿ 1ರಿಂದ ಜಾರಿಗೆ ಬಂದಿತು. ಆರಂಭದಲ್ಲಿ ಕೆಲವೇ ಉಪಕರಣಗಳಿಗೆ ಸೀಮಿತವಾಗಿದ್ದ ನಿಯಂತ್ರಣವು 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳಿಗೂ ವಿಸ್ತರಿಸಿತು. ಎ ಮತ್ತು ಬಿ ವರ್ಗದ ಉಪಕರಣಗಳಿಗೆ 2022ರ ಅಕ್ಟೋಬರ್ 1ರಿಂದಲೂ, ಸಿ ಮತ್ತು ಡಿ ವರ್ಗದವುಗಳಿಗೆ 2023ರ ಅಕ್ಟೋಬರ್ 1ರಿಂದಲೂ ಪರವಾನಗಿ ಕಡ್ಡಾಯವಾಯಿತು. ಎ ವರ್ಗದಲ್ಲಿ ಕ್ರಿಮಿರಹಿತಗೊಳಿಸದ, ಅಳತೆಯ ಕಾರ್ಯವಿಲ್ಲದ ಉಪಕರಣಗಳಿಗೆ ಮಾತ್ರ ನೋಂದಣಿ ಸಾಕು. ಅಂದರೆ, ಮೂಲೆಯ ಶೆಡ್ಡಿನಲ್ಲಿ ಮಾಡಿ ಆಸ್ಪತ್ರೆಗೆ ಸರಬರಾಜು ಮಾಡುವ ಕಾಲ ಮುಗಿದಿದೆ.

ಇನ್ನೊಂದೆಡೆ ಅವಕಾಶವೂ ತೆರೆದಿದೆ. ನಮ್ಮ ದೇಶ ಬಳಸುವ ವೈದ್ಯಕೀಯ ಉಪಕರಣಗಳಲ್ಲಿ ಬಹುಪಾಲು ಇಂದಿಗೂ ಆಮದಾಗುತ್ತಿದೆ. 2020ರ ಸಾಂಕ್ರಾಮಿಕದ ಸಂದರ್ಭದಲ್ಲಿ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ವೆಂಟಿಲೇಟರ್‌ಗಳನ್ನು ತಯಾರಿಸುವ ಕಾರ್ಯ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಪಾಲಿಗೆ ಬಂದಿತು. 30,000 ವೆಂಟಿಲೇಟರ್‌ಗಳ ಆ ಆದೇಶ ನಮ್ಮ ರಾಜ್ಯದ ತಯಾರಿಕಾ ಸಾಮರ್ಥ್ಯವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಮಾಡಿತು. ಪೀಣ್ಯ, ಜಿಗಣಿ, ಬೊಮ್ಮಸಂದ್ರ, ಹುಬ್ಬಳ್ಳಿಯ ತಾರಿಹಾಳ, ಬೆಳಗಾವಿಯ ಉದ್ಯಮಬಾಗ ಮುಂತಾದ ಕಡೆಗಳಲ್ಲಿ ಸಿಎನ್‌ಸಿ ಯಂತ್ರ, ಅಚ್ಚು ತಯಾರಿಕೆ ಮತ್ತು ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸದಲ್ಲಿ ನುರಿತ ಕೈಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಈ ಕೌಶಲಕ್ಕೆ ತಕ್ಕ ಕಟ್ಟಡವನ್ನು ಯೋಜಿಸುವ ತಿಳಿವಳಿಕೆಯಲ್ಲಿ. ಸಣ್ಣ ಉದ್ಯಮಿಯ ಬಂಡವಾಳ ಒಮ್ಮೆ ಗೋಡೆಗೆ ಸೇರಿತೆಂದರೆ ಅದನ್ನು ಹಿಂದಕ್ಕೆ ತೆಗೆಯಲಾಗದು.

ಕಟ್ಟಡಕ್ಕೆ ಮೊದಲು ಉತ್ಪನ್ನ

ನಿವೇಶನ ಸಿಕ್ಕ ಕೂಡಲೇ ನಕ್ಷೆ ಬರೆಸುವುದು ನಮ್ಮಲ್ಲಿನ ರೂಢಿ. ಸಾಮಾನ್ಯ ಇಂಜಿನಿಯರಿಂಗ್ ಘಟಕಕ್ಕೆ ಇದು ನಡೆದೀತು. ವೈದ್ಯಕೀಯ ಉಪಕರಣಕ್ಕೆ ನಡೆಯದು. ಇಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ನಂತರವೇ ವಾಸ್ತುಶಿಲ್ಪಿಯ ಬಳಿಗೆ ಹೋಗಬೇಕು: ಉತ್ಪನ್ನ ಯಾವುದು? ಅದು ಯಾವ ವರ್ಗಕ್ಕೆ ಸೇರುತ್ತದೆ? ಅದನ್ನು ಕ್ರಿಮಿರಹಿತವಾಗಿ ಮಾರಬೇಕೆ, ಇಲ್ಲವೆ?

ವರ್ಗೀಕರಣವು ಅಪಾಯದ ಪ್ರಮಾಣವನ್ನು ಅನುಸರಿಸುತ್ತದೆ. ನಾಲಿಗೆ ಒತ್ತಿ ಗಂಟಲು ನೋಡುವ ಪಟ್ಟಿ ಎ ವರ್ಗ. ಇಂಜೆಕ್ಷನ್ ಸೂಜಿ ಬಿ ವರ್ಗ. ಮುರಿದ ಮೂಳೆಯನ್ನು ಜೋಡಿಸುವ ಪ್ಲೇಟು ಸಿ ವರ್ಗ. ಕೃತಕ ಹೃದಯ ಕವಾಟ ಡಿ ವರ್ಗ. ಎ ಮತ್ತು ಬಿ ವರ್ಗಗಳಿಗೆ ರಾಜ್ಯದ ಪ್ರಾಧಿಕಾರವೂ, ಸಿ ಮತ್ತು ಡಿ ವರ್ಗಗಳಿಗೆ ಕೇಂದ್ರದ ಪ್ರಾಧಿಕಾರವೂ ತಯಾರಿಕಾ ಪರವಾನಗಿ ನೀಡುತ್ತವೆ. ಪರವಾನಗಿ ಬೇಕಾಗುವ ಎ ವರ್ಗದ ಉಪಕರಣಗಳಲ್ಲಿ ಪರವಾನಗಿ ದೊರೆತ 120 ದಿನಗಳೊಳಗೆ ಲೆಕ್ಕಪರಿಶೋಧನೆಯ ಮಾದರಿಯ ಪರಿಶೀಲನೆ ನಡೆಯುತ್ತದೆ. ಉಳಿದ ವರ್ಗಗಳಲ್ಲಿ ಪರಿಶೀಲನೆ ಮೊದಲು, ಪರವಾನಗಿ ನಂತರ. ಹಾಗಾಗಿ ಆ ವರ್ಗಗಳಲ್ಲಿ ಕಟ್ಟಡವು ಪರವಾನಗಿಗೆ ಮುಂಚೆಯೇ ಪರೀಕ್ಷೆಗೆ ಕೂರುತ್ತದೆ.

ನಿಯಮಾವಳಿಯ ಐದನೆಯ ಅನುಸೂಚಿಯು ಗುಣಮಟ್ಟ ನಿರ್ವಹಣೆಯ ಷರತ್ತುಗಳನ್ನು ವಿಧಿಸುತ್ತದೆ. ಅದರ ಅನುಬಂಧವು ಯಾವ ಉಪಕರಣದ ಯಾವ ಹಂತಕ್ಕೆ ಎಷ್ಟು ಶುದ್ಧವಾದ ಗಾಳಿ ಬೇಕೆಂಬುದನ್ನು ಹೇಳುತ್ತದೆ. ಗಮನಿಸಬೇಕಾದ ಅಂಶವೆಂದರೆ, ಈ ಷರತ್ತು ಇಡೀ ಕಟ್ಟಡಕ್ಕೆ ಅಲ್ಲ, ಹಂತ ಹಂತಕ್ಕೆ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಇದನ್ನು ಅರಿತವನು ಖರ್ಚನ್ನು ಉಳಿಸುತ್ತಾನೆ. ಅರಿಯದವನು ಬೇಡದ ಕಡೆ ಕ್ಲೀನ್‌ರೂಮ್ ಕಟ್ಟಿ, ಬೇಕಾದ ಕಡೆ ಬಿಟ್ಟಿರುತ್ತಾನೆ.

ಮೂಳೆ ಜೋಡಣೆಯ ಪ್ಲೇಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಟೈಟಾನಿಯಂ ಮಿಶ್ರಲೋಹದ ಸರಳು ಬರುತ್ತದೆ; ಅದರ ಹೀಟ್ ನಂಬರ್ ದಾಖಲಾಗಬೇಕು. ಸಿಎನ್‌ಸಿ ಯಂತ್ರದಲ್ಲಿ ಕತ್ತರಿಸಿ, ಅಂಚು ತೆಗೆದು, ಹೊಳಪು ಕೊಟ್ಟು, ಆಮ್ಲದ ದ್ರಾವಣದಲ್ಲಿ ಪ್ಯಾಸಿವೇಷನ್ ಮಾಡಿ, ಲೇಸರ್‌ನಿಂದ ಗುರುತು ಹಾಕಿ, ಅಳತೆ ಪರಿಶೀಲಿಸಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಪ್ಯಾಕ್ ಮಾಡಬೇಕು. ಇವುಗಳಲ್ಲಿ ಕತ್ತರಿಸುವ ಕೆಲಸಕ್ಕೆ ಕ್ಲೀನ್‌ರೂಮ್ ಅಗತ್ಯವಿಲ್ಲ. ಗಾಳಿ ಬೆಳಕು ಚೆನ್ನಾಗಿರುವ ಅಚ್ಚುಕಟ್ಟಾದ ಶಾಪ್ ಸಾಕು. ಕ್ರಿಮಿರಹಿತವಾಗಿ ಮಾರುವುದಾದರೆ ಅಂತಿಮ ತೊಳೆತ ಮತ್ತು ಪ್ಯಾಕಿಂಗ್ ಹಂತಕ್ಕೆ ಮಾತ್ರ ಶುದ್ಧ ಗಾಳಿ ಬೇಕು. ಪ್ಯಾಸಿವೇಷನ್ನಿನ ಆಮ್ಲ ಹಾಗೂ ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬ ಪ್ರಶ್ನೆಗೂ ನಕ್ಷೆಯಲ್ಲೇ ಉತ್ತರವಿರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯ ಅರ್ಜಿಯಲ್ಲಿ ಇದು ಬಂದೇ ಬರುತ್ತದೆ. ಕೊಳವೆ ಬಾವಿಯ ಗಡಸು ನೀರಿನಿಂದ ಅಂತಿಮ ತೊಳೆತ ಸಾಧ್ಯವಿಲ್ಲದ್ದರಿಂದ ಶುದ್ಧೀಕರಣ ಯಂತ್ರಕ್ಕೂ, ಅದು ಹೊರಬಿಡುವ ನೀರಿಗೂ ಜಾಗ ಬೇಕು.

ಮೂರೂ ಒಂದೆಡೆ ಏಕೆ?

ಕಚೇರಿಯನ್ನು ನಗರದಲ್ಲಿಟ್ಟು, ಕಾರ್ಖಾನೆಯನ್ನು ದೂರದ ಕೈಗಾರಿಕಾ ಪ್ರದೇಶದಲ್ಲಿ ಇರಿಸಿ, ಪರೀಕ್ಷೆಗಳನ್ನೆಲ್ಲ ಹೊರಗೆ ಮಾಡಿಸಿಕೊಳ್ಳುವುದು ಅಗ್ಗವೆಂದು ಕೆಲವರು ವಾದಿಸುತ್ತಾರೆ. ಭೂಮಿಯ ಬೆಲೆಯನ್ನು ನೋಡಿದರೆ ವಾದದಲ್ಲಿ ಹುರುಳಿಲ್ಲದಿಲ್ಲ. ದೊಡ್ಡ ಸಂಸ್ಥೆಗಳಿಗೆ ಇದು ಹೊಂದಲೂಬಹುದು. ಆದರೆ ಇಪ್ಪತ್ತು ಮೂವತ್ತು ಜನರ ಘಟಕಕ್ಕೆ ಮೂರೂ ಒಂದೇ ಸೂರಿನಡಿ ಇರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಕಾರಣ ಸರಳವಾದುದು. ಈ ಉದ್ಯಮದಲ್ಲಿ ವಿನ್ಯಾಸ, ಪರೀಕ್ಷೆ ಮತ್ತು ತಯಾರಿಕೆ ಒಂದರಿಂದೊಂದು ಬೇರ್ಪಡುವುದೇ ಇಲ್ಲ. ಆಸ್ಪತ್ರೆಯಿಂದ ಒಂದು ದೂರು ಬಂದರೆ, ಆ ಉಪಕರಣದ ಬ್ಯಾಚ್ ದಾಖಲೆ ತೆಗೆದು, ಉಳಿಸಿಕೊಂಡ ಮಾದರಿಯನ್ನು ಪರೀಕ್ಷಿಸಿ, ಯಂತ್ರದ ಮುಂದೆ ನಿಂತು ಕಾರಣ ಹುಡುಕಬೇಕು. ಸಣ್ಣ ಘಟಕದಲ್ಲಿ ಗುಣಮಟ್ಟದ ಮುಖ್ಯಸ್ಥ, ವಿನ್ಯಾಸಕಾರ ಮತ್ತು ಉತ್ಪಾದನಾ ಮೇಲ್ವಿಚಾರಕ ಸೇರಿ ಮೂರ್ನಾಲ್ಕೇ ಜನ. ಅವರು ಮೂರು ವಿಳಾಸಗಳಲ್ಲಿ ಹಂಚಿಹೋದರೆ ದಾಖಲೆ ಒಂದು ಕಡೆ, ಕೆಲಸ ಒಂದು ಕಡೆ ಆಗುತ್ತದೆ. ಪರಿಶೀಲಕರ ಕಣ್ಣಿಗೆ ಮೊದಲು ಬೀಳುವ ಕೊರತೆಯೂ ಇದೇ.

ಆದರೆ ಒಂದೇ ಸೂರು ಎಂದರೆ ಒಂದೇ ಕೋಣೆಯಲ್ಲ. ಕಚೇರಿಗೆ ಬರುವ ಬ್ಯಾಂಕಿನವರು, ಸರಬರಾಜುದಾರರು, ಸಂದರ್ಶಕರು ತಯಾರಿಕಾ ಭಾಗದೊಳಗೆ ಹಾದುಹೋಗದಂತೆ ಪ್ರವೇಶ ಬೇರೆಯಿರಬೇಕು. ತೋರಿಸುವುದಿದ್ದರೆ ಓಣಿಯ ಗಾಜಿನ ಕಿಟಕಿಯಿಂದ ತೋರಿಸಬಹುದು. ಕೆಲಸಗಾರರು ಉಡುಪು ಬದಲಿಸುವ ಕೋಣೆಯ ಮೂಲಕ ಒಳಹೋಗಬೇಕು. ಸರಕು ಪಾಸ್‌ಬಾಕ್ಸ್ ಮೂಲಕ ಹೋಗಬೇಕು. ಕಚ್ಚಾ ವಸ್ತು, ಪರೀಕ್ಷೆಗೆ ಕಾದಿರುವ ಸರಕು, ಒಪ್ಪಿತ ಸರಕು, ತಿರಸ್ಕೃತ ಸರಕು ಇವು ಬೆರೆಯದಂತೆ ಬೀಗ ಹಾಕಬಹುದಾದ ಪ್ರತ್ಯೇಕ ಸ್ಥಳಗಳು ಬೇಕು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಮುಂದಾಲೋಚನೆ.

ಗಾಳಿಯ ಲೆಕ್ಕ

ಕ್ಲೀನ್‌ರೂಮ್ ಎಂದೊಡನೆ ಹೊಳೆಯುವ ಗೋಡೆ, ಎಪಾಕ್ಸಿ ನೆಲ ನೆನಪಿಗೆ ಬರುತ್ತವೆ. ವಾಸ್ತವದಲ್ಲಿ ಹಣ ಹೋಗುವುದು ಗಾಳಿಗೆ. ಐಎಸ್‌ಒ 14644 ಮಾನದಂಡದ ಪ್ರಕಾರ 8ನೆಯ ದರ್ಜೆಯ ಕೋಣೆಯಲ್ಲಿ ಪ್ರತಿ ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಹಾಗೂ ಅದಕ್ಕಿಂತ ದೊಡ್ಡ ಕಣಗಳು 35,20,000ಕ್ಕಿಂತ ಹೆಚ್ಚಿರಬಾರದು. 7ನೆಯ ದರ್ಜೆಯಲ್ಲಿ ಇದು 3,52,000. ಒಂದು ದರ್ಜೆ ಮೇಲೇರಿದರೆ ಶುದ್ಧತೆ ಹತ್ತು ಪಟ್ಟು ಬಿಗಿಯಾಗುತ್ತದೆ. ಖರ್ಚೂ ಅದರ ಜೊತೆಗೆ ಏರುತ್ತದೆ.

ಒಂದು ಲೆಕ್ಕ ನೋಡೋಣ. 10 ಮೀಟರ್ ಉದ್ದ, 8 ಮೀಟರ್ ಅಗಲ, 2.7 ಮೀಟರ್ ಎತ್ತರದ ಕೋಣೆಯ ಗಾತ್ರ 216 ಘನ ಮೀಟರ್. ಗಂಟೆಗೆ 20 ಬಾರಿ ಗಾಳಿ ಬದಲಾಗಬೇಕೆಂದರೆ ಗಂಟೆಗೆ 4,320 ಘನ ಮೀಟರ್, ಅಂದರೆ ಗುತ್ತಿಗೆದಾರರ ಭಾಷೆಯಲ್ಲಿ ಸುಮಾರು 2,540 ಸಿಎಫ್‌ಎಂ ಗಾಳಿಯನ್ನು ತಂಪಾಗಿಸಿ, ತೇವ ತೆಗೆದು, ಹೆಪಾ ಫಿಲ್ಟರ್ ಮೂಲಕ ತಳ್ಳಬೇಕು. ದರ್ಜೆ ಬಿಗಿಗೊಳಿಸಿ 40 ಬಾರಿ ಎಂದರೆ ಇದು ಇಮ್ಮಡಿಯಾಗುತ್ತದೆ. ಇದು ಒಂದು ದಿನದ ಖರ್ಚಲ್ಲ. ಪ್ರತಿ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಬರುವ ಖರ್ಚು. ಆದ್ದರಿಂದ ಕ್ಲೀನ್‌ರೂಮ್ ಕೆಲಸಕ್ಕೆ ಸಾಕಾಗುವಷ್ಟು ಮಾತ್ರ ಇರಲಿ. ದಾಸ್ತಾನು, ರಟ್ಟಿನ ಪೆಟ್ಟಿಗೆ, ಮೇಜು ಕಪಾಟುಗಳಿಗೆ ಅಲ್ಲಿ ಸ್ಥಳವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ.

ಗಾಳಿಯ ಒತ್ತಡವೂ ಅಷ್ಟೇ ಮುಖ್ಯ. ಅತ್ಯಂತ ಶುದ್ಧ ಕೋಣೆಯಲ್ಲಿ ಒತ್ತಡ ಹೆಚ್ಚಿದ್ದು, ಹೊರಗಿನ ಕೋಣೆಗಳಲ್ಲಿ ಕ್ರಮೇಣ ಕಡಿಮೆಯಾಗಬೇಕು. ಪಕ್ಕಪಕ್ಕದ ಕೋಣೆಗಳ ನಡುವೆ 10ರಿಂದ 15 ಪಾಸ್ಕಲ್ ವ್ಯತ್ಯಾಸ ಇರಿಸುವುದು ರೂಢಿ. ಬಾಗಿಲು ತೆರೆದಾಗ ಗಾಳಿ ಒಳಗಿನಿಂದ ಹೊರಕ್ಕೆ ಹರಿಯಬೇಕೇ ವಿನಾ ಹೊರಗಿನ ಧೂಳು ಒಳಗೆ ನುಗ್ಗಬಾರದು. ವಿದ್ಯುತ್ ಕೈಕೊಟ್ಟ ಕೂಡಲೇ ಈ ಒತ್ತಡ ಕುಸಿಯುತ್ತದೆ. ನಮ್ಮ ಕೈಗಾರಿಕಾ ಪ್ರದೇಶಗಳ ವಿದ್ಯುತ್ ಸರಬರಾಜನ್ನು ಬಲ್ಲವರಿಗೆ, ಕ್ಲೀನ್‌ರೂಮಿನ ಫ್ಯಾನುಗಳನ್ನು ಜನರೇಟರ್‌ಗೆ ಜೋಡಿಸುವ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಹಳೆಯ ಶೆಡ್ಡನ್ನು ಮಾರ್ಪಡಿಸುವವರು ಎತ್ತರವನ್ನು ಮೊದಲು ಅಳೆಯಬೇಕು. ಕ್ಲೀನ್‌ರೂಮಿನ ಒಳಛಾವಣಿಯ ಮೇಲೆ ಗಾಳಿಯ ಕೊಳವೆಗಳು, ಫಿಲ್ಟರ್ ಪೆಟ್ಟಿಗೆಗಳು ಮತ್ತು ದುರಸ್ತಿಗೆ ಹೋಗುವ ಮನುಷ್ಯನಿಗೆ ಸ್ಥಳ ಬೇಕು. ಗಾಳಿ ಸಂಸ್ಕರಣಾ ಯಂತ್ರವನ್ನು ತಾರಸಿಯ ಮೇಲೆ ಇಡುವುದಾದರೆ ಅದರ ಭಾರ ತಾಳುವುದೇ ಎಂಬುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲಿಖಿತವಾಗಿ ಹೇಳಬೇಕು.

ಪ್ರಯೋಗಾಲಯ ಎಷ್ಟಿರಬೇಕು?

ಪ್ರಯೋಗಾಲಯದಲ್ಲಿ ಎರಡು ಬಗೆಯ ಕೆಲಸಗಳಿವೆ. ಒಂದು, ದಿನನಿತ್ಯದ ಅಳತೆ ಮತ್ತು ಬಲ ಪರೀಕ್ಷೆ. ಇದು ಘಟಕದಲ್ಲೇ ಇರಬೇಕು. ಉದ್ದಳತೆಯ ನಿಖರ ಪರೀಕ್ಷೆಗೆ ಜಗತ್ತು ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಪವರ್ ಪ್ರೆಸ್ಸಿನ ಪಕ್ಕದ ಕೋಣೆಯಲ್ಲಿ ಅಳತೆ ಯಂತ್ರ ಇರಿಸಿದರೆ ನಡುಕದಿಂದ ಅದರ ಅಂಕಿಗಳೇ ನಂಬಿಕೆ ಕಳೆದುಕೊಳ್ಳುತ್ತವೆ. ಹಾಗಾಗಿ ನೆಲಮಹಡಿಯ ಶಾಂತ ಮೂಲೆಯೊಂದನ್ನು ಅದಕ್ಕೆ ಮೀಸಲಿಡಬೇಕು.

ಎರಡನೆಯದು ಸೂಕ್ಷ್ಮಜೀವಿ ಪರೀಕ್ಷೆ. ಇಲ್ಲಿ ಜೀವಂತ ಸೂಕ್ಷ್ಮಜೀವಿಗಳನ್ನು ಬೆಳೆಸುವುದರಿಂದ ಈ ಕೋಣೆಯ ಗಾಳಿ ತಯಾರಿಕಾ ವಿಭಾಗದ ಗಾಳಿಯೊಡನೆ ಎಂದಿಗೂ ಬೆರೆಯಕೂಡದು. ಯಂತ್ರವೂ ಪ್ರತ್ಯೇಕ, ದಾರಿಯೂ ಪ್ರತ್ಯೇಕ. ಕ್ರಿಮಿರಾಹಿತ್ಯ ಪರೀಕ್ಷೆಯೊಂದಕ್ಕೆ 14 ದಿನಗಳ ಕಾವು ಬೇಕು. ತಿಂಗಳಿಗೆ ಕೆಲವೇ ಬ್ಯಾಚ್ ತಯಾರಿಸುವ ಘಟಕವು ಇದಕ್ಕಾಗಿ ಸ್ವಂತ ಕೋಣೆ, ಸ್ವಂತ ತಜ್ಞರನ್ನು ಇಟ್ಟುಕೊಳ್ಳುವುದಕ್ಕಿಂತ ಮಾನ್ಯತೆ ಪಡೆದ ಹೊರಗಿನ ಪ್ರಯೋಗಾಲಯದೊಡನೆ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಮೇಲು. ಅಂಗಾಂಶಗಳೊಡನೆ ವಸ್ತು ಹೊಂದುವುದೇ ಎಂಬ ಜೈವಿಕ ಪರೀಕ್ಷೆ, ವಿದ್ಯುತ್ ಸುರಕ್ಷತೆಯ ಪರೀಕ್ಷೆ ಇವೂ ಇದೇ ಗುಂಪಿಗೆ ಸೇರುತ್ತವೆ. ಪರೀಕ್ಷೆಯನ್ನು ಹೊರಗೆ ಮಾಡಿಸಬಹುದು. ಹೊಣೆಯನ್ನು ಹೊರಗೆ ಕಳಿಸಲಾಗದು.

ಕಟ್ಟಬಾರದ್ದು

ಸಣ್ಣ ಉದ್ಯಮಿ ಆರಂಭದಲ್ಲಿ ಖಂಡಿತವಾಗಿ ಕಟ್ಟಬಾರದ್ದೆಂದರೆ ಕ್ರಿಮಿನಾಶನ ಘಟಕ. ಎಥಿಲೀನ್ ಆಕ್ಸೈಡ್ ಅನಿಲವು ಸುಲಭವಾಗಿ ಹೊತ್ತಿಕೊಳ್ಳುವ, ಕ್ಯಾನ್ಸರ್‌ಕಾರಕವೆಂದು ದೃಢಪಟ್ಟ ಅನಿಲ. ಉಪಕರಣದಲ್ಲಿ ಉಳಿಯುವ ಅದರ ಅಂಶವನ್ನು ಹೊರಹೋಗಿಸಲು ಪ್ರತ್ಯೇಕ ಕೋಣೆಯೂ ಕಾಲವೂ ಬೇಕು. ಗಾಮಾ ವಿಕಿರಣಕ್ಕೆ ಕೋಬಾಲ್ಟ್-60 ಮೂಲವೂ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಕ್ರಿಮಿರಹಿತ ಎಂದು ಮುದ್ರಿಸಬೇಕಾದರೆ, ಜೀವಂತ ಸೂಕ್ಷ್ಮಜೀವಿ ಉಳಿದಿರುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚಿರಬಾರದೆಂಬುದು ಅಂತರರಾಷ್ಟ್ರೀಯ ಅಳತೆಗೋಲು. ಇದನ್ನು ದಾಖಲೆಗಳಿಂದ ಸಾಧಿಸಿ ತೋರಿಸುವುದು ಪರಿಣತರ ಕೆಲಸ. ಗುತ್ತಿಗೆ ಆಧಾರದ ಮೇಲೆ ಇದನ್ನು ಮಾಡಿಕೊಡುವವರಿದ್ದಾರೆ.

ಆದರೆ ವಿಧಾನವನ್ನು ಮೊದಲೇ ಆರಿಸಿಕೊಳ್ಳಬೇಕು. ಕೆಲವು ಪ್ಲಾಸ್ಟಿಕ್‌ಗಳು ಗಾಮಾ ವಿಕಿರಣದಿಂದ ಹಳದಿಗಟ್ಟಿ ಪೆಡಸಾಗುತ್ತವೆ. ಅನಿಲ ವಿಧಾನಕ್ಕೆ ಅನಿಲ ಒಳಹೋಗುವ ಪ್ಯಾಕಿಂಗ್ ಬೇಕು. ಕ್ರಿಮಿನಾಶನ ವಿಧಾನದ ಬದಲಾವಣೆಯನ್ನು ನಿಯಮಾವಳಿಯು ಪ್ರಮುಖ ಬದಲಾವಣೆ ಎಂದು ಪರಿಗಣಿಸಿ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದೆ. ತಯಾರಿಕಾ ಸ್ಥಳದ ಬದಲಾವಣೆಯೂ ಇದೇ ಪಟ್ಟಿಯಲ್ಲಿದೆ.

ಬಾಡಿಗೆ ಶೆಡ್ಡಿನಲ್ಲಿ ಆರಂಭಿಸುವವರು ಈ ಕೊನೆಯ ಮಾತನ್ನು ಎರಡು ಬಾರಿ ಓದಬೇಕು. ಮೂರು ವರ್ಷದ ಕರಾರಿನ ಮೇಲೆ ಶೆಡ್ಡು ಹಿಡಿದು, ಕ್ಲೀನ್‌ರೂಮ್ ಹಾಕಿಸಿ, ಪರವಾನಗಿ ಕೈಗೆ ಬರುವಷ್ಟರಲ್ಲಿ ಮಾಲೀಕರು ಬಾಡಿಗೆ ಏರಿಸಿದರೆ ಉದ್ಯಮಿಗೆ ಮಾತನಾಡುವ ಬಲವೇ ಇರದು. ಬಿಟ್ಟು ಹೋದರೆ ಹೊಸ ಸ್ಥಳ, ಹೊಸ ದೃಢೀಕರಣ, ಹೊಸ ಅನುಮತಿ. ಆದ್ದರಿಂದ ಸಾಲ ತೀರುವ ಅವಧಿಗಿಂತ ಕಡಿಮೆಯ ಕರಾರಿಗೆ ಸಹಿ ಹಾಕಬಾರದು.

ಹಣ ಮತ್ತು ಹಸ್ತಾಂತರ

ಗುತ್ತಿಗೆದಾರರು ಬೀಗದ ಕೈ ಕೊಟ್ಟ ದಿನ ಕೆಲಸ ಮುಗಿಯುವುದಿಲ್ಲ. ಕ್ಲೀನ್‌ರೂಮನ್ನು ಮೂರು ಸ್ಥಿತಿಗಳಲ್ಲಿ ಪರೀಕ್ಷಿಸಬಹುದು: ಕಟ್ಟಿ ಮುಗಿದಾಗ, ಯಂತ್ರಗಳಿದ್ದು ಜನರಿಲ್ಲದಾಗ, ಜನರು ಕೆಲಸದಲ್ಲಿ ತೊಡಗಿರುವಾಗ. ಖಾಲಿ ಕೋಣೆಯ ವರದಿ ಚೆನ್ನಾಗಿ ಬರುವುದು ಸಹಜ, ಏಕೆಂದರೆ ಕಣಗಳ ಮುಖ್ಯ ಮೂಲ ಮನುಷ್ಯನೇ. ಯಾವ ಸ್ಥಿತಿಯಲ್ಲಿ ಯಾವ ದರ್ಜೆ ಬರಬೇಕೆಂಬುದನ್ನು ಕರಾರಿನಲ್ಲೇ ಬರೆಸಿ, ಕಣಗಳ ಎಣಿಕೆ, ಫಿಲ್ಟರ್ ಸೋರಿಕೆ ಮತ್ತು ಒತ್ತಡದ ವರದಿಗಳು ಕೈಸೇರುವವರೆಗೆ ಕೊನೆಯ ಕಂತನ್ನು ತಡೆಹಿಡಿಯಬೇಕು.

ಅನಂತರವೂ ಯಂತ್ರಗಳ ದೃಢೀಕರಣ, ಪ್ರಾಯೋಗಿಕ ಬ್ಯಾಚ್‌ಗಳು, ಪರೀಕ್ಷಾ ವರದಿಗಳು, ಪರಿಶೀಲನೆ ಇವೆಲ್ಲ ಮುಗಿಯಬೇಕು. ಪ್ರಾಯೋಗಿಕ ಬ್ಯಾಚ್‌ಗಳಿಗೂ ಪರೀಕ್ಷಾರ್ಥ ತಯಾರಿಕೆಯ ಪ್ರತ್ಯೇಕ ಪರವಾನಗಿ ಬೇಕೆಂಬುದನ್ನು ಮರೆಯಬಾರದು. ಈ ತಿಂಗಳುಗಳಲ್ಲಿ ಸಂಬಳ, ವಿದ್ಯುತ್, ಬಡ್ಡಿ ಎಲ್ಲವೂ ಇರುತ್ತವೆ. ಮಾರಾಟದ ಒಂದು ಬಿಲ್ಲೂ ಇರುವುದಿಲ್ಲ. ಎಷ್ಟೋ ಒಳ್ಳೆಯ ಯೋಜನೆಗಳು ಉಸಿರುಗಟ್ಟುವುದು ಈ ಹಂತದಲ್ಲೇ. ಸಾಲದ ಮರುಪಾವತಿ ಕಟ್ಟಡ ಮುಗಿದ ದಿನದಿಂದಲ್ಲ, ಪರವಾನಗಿ ದೊರೆಯಬಹುದಾದ ದಿನದಿಂದ ಆರಂಭವಾಗುವಂತೆ ಬ್ಯಾಂಕಿನೊಡನೆ ಮೊದಲೇ ಮಾತನಾಡಬೇಕು. ಮುಂಭಾಗದ ಗಾಜು, ಗ್ರಾನೈಟ್, ಅತಿಥಿ ಕೋಣೆಗೆ ಮೀಸಲಿಟ್ಟ ಹಣವನ್ನು ಈ ಅವಧಿಯ ದುಡಿಯುವ ಬಂಡವಾಳಕ್ಕೆ ತಿರುಗಿಸಿದರೆ ಯಾವ ಗ್ರಾಹಕರೂ ಬೇಸರಿಸುವುದಿಲ್ಲ.

ರಫ್ತಿನ ಆಸೆಯಿರುವವರು ಮೊದಲ ದಿನವೇ ಎಲ್ಲವನ್ನೂ ದೊಡ್ಡದಾಗಿ ಕಟ್ಟಬೇಕೆಂದು ಭಾವಿಸುವುದುಂಟು. ಅದರ ಅಗತ್ಯವಿಲ್ಲ. ಅಮೆರಿಕವು 2024ರಲ್ಲಿ ಹೊರಡಿಸಿ, 2026ರ ಫೆಬ್ರವರಿ 2ರಿಂದ ಜಾರಿಗೆ ನಿಗದಿಪಡಿಸಿದ ಗುಣಮಟ್ಟ ನಿಯಮವು ಐಎಸ್‌ಒ 13485 ಮಾನದಂಡವನ್ನೇ ಆಧಾರವಾಗಿಸಿಕೊಂಡಿದೆ. ಆ ಮಾನದಂಡವನ್ನು ಆರಂಭದಿಂದ ಪಾಲಿಸಿದರೆ ಮುಂದಿನ ದಾರಿ ಸುಗಮ. ಇಂದು ಬೇಕಾದುದು ಬೆಳೆಯಲು ಖಾಲಿ ಬಿಟ್ಟ ಜಾಗ. ಖಾಲಿ ನಿಂತ ಯಂತ್ರವಲ್ಲ.

ನಮ್ಮ ಸಂಸ್ಥೆಗಳ ಹೊಣೆ

ಸಣ್ಣ ಉದ್ಯಮಿ ಕೆಲವನ್ನು ಕಟ್ಟಬಾರದು ಎಂದ ಮೇಲೆ, ಅವನ್ನು ಯಾರಾದರೂ ಹತ್ತಿರದಲ್ಲಿ ಕಟ್ಟಲೇಬೇಕಲ್ಲವೆ? ನೆರೆಯ ಆಂಧ್ರಪ್ರದೇಶವು ವಿಶಾಖಪಟ್ಟಣದಲ್ಲಿ 270 ಎಕರೆಯ ಮೆಡ್‌ಟೆಕ್ ವಲಯವನ್ನು ಸ್ಥಾಪಿಸಿ, 2018ರ ಡಿಸೆಂಬರ್‌ನಲ್ಲಿ ಉದ್ಘಾಟಿಸಿತು. ಪರೀಕ್ಷೆ ಮತ್ತು ಗಾಮಾ ಕ್ರಿಮಿನಾಶನದಂತಹ ದುಬಾರಿ ಸೌಲಭ್ಯಗಳನ್ನು ಅಲ್ಲಿನ ಘಟಕಗಳು ಹಂಚಿಕೊಳ್ಳುತ್ತವೆ. ಕೇಂದ್ರ ಸರ್ಕಾರದ 2020ರ ಯೋಜನೆಯಡಿ ವೈದ್ಯಕೀಯ ಉಪಕರಣ ಪಾರ್ಕುಗಳಿಗೆ ಆಯ್ಕೆಯಾದ ನಾಲ್ಕು ರಾಜ್ಯಗಳು ತಮಿಳುನಾಡು, ಮಧ್ಯಪ್ರದೇಶ, ಉತ್ತರಪ್ರದೇಶ ಮತ್ತು ಹಿಮಾಚಲಪ್ರದೇಶ. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿಲ್ಲದಿರುವುದು ವಿಷಾದದ ಸಂಗತಿ.

ಆದರೆ ಬಾಗಿಲು ಮುಚ್ಚಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರವು ಪ್ರಕಟಿಸಿದ 500 ಕೋಟಿ ರೂ.ಗಳ ಯೋಜನೆಯು ಉದ್ಯಮ ಸಮೂಹಗಳ ಸಾಮಾನ್ಯ ಸೌಲಭ್ಯಗಳಿಗೆ ನೆರವನ್ನೂ ಒಳಗೊಂಡಿತ್ತು. ಇಂತಹ ನೆರವು ಪಡೆಯಲು ಬೇಕಾದದ್ದು ಒಂಟಿ ಉದ್ಯಮಿಯ ಅರ್ಜಿಯಲ್ಲ, ಸಮೂಹದ ಒಗ್ಗಟ್ಟು. ಬೆಂಗಳೂರಿನಲ್ಲಿ ಒಂದು, ಹುಬ್ಬಳ್ಳಿ-ಧಾರವಾಡ ಭಾಗದಲ್ಲಿ ಒಂದು ಸಾಮಾನ್ಯ ಸೂಕ್ಷ್ಮಜೀವಿ ಪ್ರಯೋಗಾಲಯ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಪ್ಯಾಕಿಂಗ್ ಕ್ಲೀನ್‌ರೂಮ್, ವಿದ್ಯುತ್ ಸುರಕ್ಷತಾ ಪರೀಕ್ಷಾ ಕೇಂದ್ರ ಇಷ್ಟಿದ್ದರೂ ಹಲವು ಘಟಕಗಳ ಬಂಡವಾಳದ ಹೊರೆ ಗಣನೀಯವಾಗಿ ಇಳಿದೀತು. ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಆಸಕ್ತ ಸದಸ್ಯರ ಪಟ್ಟಿಯನ್ನು ತಯಾರಿಸಿ, ಯಾರಿಗೆ ಯಾವ ಸೌಲಭ್ಯ ತಿಂಗಳಿಗೆ ಎಷ್ಟು ಬೇಕೆಂಬ ಲೆಕ್ಕವನ್ನು ಕಲೆಹಾಕಿ, ರಾಜ್ಯ ಸರ್ಕಾರದ ಮುಂದೆ ಇರಿಸಬೇಕು. ಅಂಕಿಅಂಶಗಳಿರುವ ಮನವಿಗೆ ಇರುವ ತೂಕ ಬರಿಯ ಬೇಡಿಕೆಗೆ ಇರುವುದಿಲ್ಲ.

ನಿಯಮಗಳು ಸಣ್ಣವರಿಗೆ ಭಾರವೆಂಬ ದೂರು ನಮ್ಮ ಸಭೆಗಳಲ್ಲಿ ಕೇಳಿಬರುತ್ತಿದೆ. ಭಾರ ನಿಜ. ಆದರೆ ನಾವು ತಯಾರಿಸುವ ಪ್ಲೇಟು ಯಾರದೋ ಕಾಲಿನೊಳಗೆ ವರ್ಷಗಟ್ಟಲೆ ಉಳಿಯುತ್ತದೆ; ಆ ಮನುಷ್ಯ ನಮ್ಮ ಕಾರ್ಖಾನೆಯನ್ನು ನೋಡಿರುವುದಿಲ್ಲ, ನೋಡಲಾರನು. ಅವನ ಪರವಾಗಿ ನೋಡುವವರೇ ಪರಿಶೀಲಕರು. ಉತ್ಪನ್ನವನ್ನು ಮೊದಲು ನಿಶ್ಚಯಿಸಿ, ಗಾಳಿ ಮತ್ತು ದಾರಿಗಳನ್ನು ಬೇರ್ಪಡಿಸಿ, ಅಗತ್ಯವಿದ್ದಷ್ಟನ್ನೇ ಕಟ್ಟಿ, ಉಳಿದದ್ದನ್ನು ಹಂಚಿಕೊಂಡರೆ ಈ ಭಾರವನ್ನು ನಮ್ಮ ಸಣ್ಣ ಘಟಕಗಳು ಖಂಡಿತವಾಗಿ ಹೊರಬಲ್ಲವು. ಆಸಕ್ತ ಸದಸ್ಯರು ತಮ್ಮ ಉತ್ಪನ್ನ ಮತ್ತು ಅಗತ್ಯಗಳ ವಿವರವನ್ನು ಸಂಸ್ಥೆಗೆ ತಿಳಿಸುವುದರಿಂದಲೇ ಈ ಕಾರ್ಯ ಆರಂಭವಾಗಲಿ.